ಏಕಸಂಗತಿ ಸಿದ್ಧಾಂತ: ಸಾಮಾನ್ಯ ಜ್ಞಾನಶಾಸ್ತ್ರಕ್ಕೊಂದು ಪ್ರವೇಶಿಕೆ

ಜಗತ್ತಿನಲ್ಲಿ ಹೆಸರುವಾಸಿಯಾದ ಪ್ರತಿಯೊಂದು ವಸ್ತುವಿಗೂ ಒಂದು ಸಂಗತಿ ಇರತಕ್ಕದ್ದು, ಎರಡನೆಯದು ಇರತಕ್ಕದ್ದಲ್ಲ. ಸಾಮಾನ್ಯ ಜ್ಞಾನವೆಂಬ ಶಾಸ್ತ್ರದ ಮೂಲಸೂತ್ರ ಇದೇ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಚಿಪ್ಸ್ ಪೊಟ್ಟಣಗಳ ಪಕ್ಕ ನೇತಾಡುವ ಆಕರಗ್ರಂಥಗಳನ್ನು ವ್ಯಾಸಂಗ ಮಾಡಿದವರಿಗೆ ಇದೇನೂ ಹೊಸದಲ್ಲ. ಆದರೂ ಇಷ್ಟು ದೊಡ್ಡ ದರ್ಶನಕ್ಕೆ ಈತನಕ ಒಬ್ಬ ಭಾಷ್ಯಕಾರನೂ ಹುಟ್ಟದೇ ಹೋದದ್ದು ಶೋಚನೀಯ. ಆ ಕೊರತೆ ಈ ಪ್ರಬಂಧದಿಂದ ನೀಗಿತೆಂದು ತಿಳಿಯುವುದು.

ಮೊದಲ ನಿದರ್ಶನ ವಿಜಯಪುರದ ಗೋಲಗುಮ್ಮಟ. ಅದರ ಸಂಗತಿ ಏಳು. ಒಮ್ಮೆ ಕೂಗಿದರೆ ಏಳು ಸಲ ಮಾರ್ದನಿ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹ ಅದರೊಳಗೆ ಮಲಗಿದ್ದಾನೆ; ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ದಾಟಿಹೋಗುವ ಕಮಾನುಗಳ ಮೇಲೆ ನಿಂತಿದೆ; ಮೇಲಿನ ಮೊಗಸಾಲೆಯಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಆಚೆ ಗೋಡೆಗೆ ಕೇಳುತ್ತದೆ. ಇವೆಲ್ಲ ನಿಜವೇ. ಆದರೆ ನಿಜವಾದ ಮಾತ್ರಕ್ಕೆ ಯಾವುದೂ ಸಂಗತಿಯಾಗುವುದಿಲ್ಲ. ಏಳನ್ನು ಪ್ರಯೋಗದಿಂದಲೇ ಸಾಧಿಸುತ್ತೇವೆಂದು ಮೆಟ್ಟಿಲು ಹತ್ತಿದ ಸಾಹಸಿಗಳೂ ಇಲ್ಲದಿಲ್ಲ. ಶಾಲಾ ಪ್ರವಾಸದ ಮೂರು ಬಸ್ಸಿನ ಮಕ್ಕಳು ಒಟ್ಟಿಗೇ ಬಾಯಿ ಬಿಡುವುದರಿಂದ ಯಾರ ಕೂಗಿನ ಎಷ್ಟನೆಯ ಮಾರ್ದನಿ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಹೀಗಾಗಿ ಏಳು ಅಬಾಧಿತವಾಗಿ ಉಳಿದಿದೆ.

ಇದೇ ಅರಸನ ತಂದೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗೆ ಸಂಗೀತದ ಹುಚ್ಚು. 'ಕಿತಾಬ್-ಎ-ನೌರಸ್' ಎಂಬ ಗೀತಗಳ ಗ್ರಂಥ ಬರೆದು ಅದರಲ್ಲಿ ಸರಸ್ವತಿಯನ್ನು ನೆನೆದವನು, ಜಗದ್ಗುರು ಬಾದಶಹ ಎನಿಸಿಕೊಂಡವನು. ಅಪ್ಪ ಹಾಡಿದ, ಮಗನ ಗೋರಿ ಇನ್ನೂ ಓಗೊಡುತ್ತಿದೆ ಎಂದು ಯಾವನಾದರೂ ಅಭ್ಯರ್ಥಿ ಪರೀಕ್ಷಾ ಕೊಠಡಿಯಲ್ಲಿ ಎರಡನ್ನೂ ಕೂಡಿಸಿ ಯೋಚಿಸತೊಡಗಿದರೆ, ಅಷ್ಟರಲ್ಲಿ ಪಕ್ಕದವನು ಒಎಂಆರ್ ಹಾಳೆಯ ನಾಲ್ಕು ವೃತ್ತ ತುಂಬಿ ಮುಗಿಸಿರುತ್ತಾನೆ. ಇದಕ್ಕೆ ಬಹುಸಂಗತಿ ದೋಷ ಎಂದು ಹೆಸರು. ತಗುಲಿದವರು ನೌಕರಿಗೆ ಏರಿದ ದಾಖಲೆ ವಿರಳ.

ಸಂಗೀತಕ್ಕೆ ಬಂದರೆ ನಮ್ಮ ಶಾಸ್ತ್ರ ಇನ್ನೂ ಕಳೆಗಟ್ಟುತ್ತದೆ. ಇಲ್ಲಿ ಕಿವಿಯ ಅಗತ್ಯವೇ ಇಲ್ಲ. ಮೇಳಗಳು 72. ಹದಿನೇಳನೇ ಶತಮಾನದಲ್ಲಿ ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಸ್ವರಗಳನ್ನು ಬಗೆಬಗೆಯಾಗಿ ಜೋಡಿಸಿ ಈ ಲೆಕ್ಕ ತೆಗೆದಾಗ ಅವುಗಳಲ್ಲಿ ಬಳಕೆಯಲ್ಲಿದ್ದವು 19 ಮಾತ್ರ. ಮಿಕ್ಕವನ್ನು ಯಾರೂ ಹಾಡಿರಲಿಲ್ಲ, ಕೇಳಿರಲಿಲ್ಲ. ಅಂದರೆ ಸಂಖ್ಯೆ ಮೊದಲು, ನಾದ ಆಮೇಲೆ. ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಅಷ್ಟು ಹಿಂದೆಯೇ ಕಂಡಿದ್ದ ದಾರ್ಶನಿಕನಿಗೆ ನಮಸ್ಕಾರ. ಹಂಪಿಯ ವಿಜಯವಿಠ್ಠಲ ಗುಡಿಯ ಸಂಗೀತ ಕಂಬಗಳದೂ ಇದೇ ಸದ್ಗತಿ. ಅವು 56 ಎಂದು ಎಲ್ಲರಿಗೂ ಬಾಯಿಪಾಠ. ತಟ್ಟಿ ತಟ್ಟಿ ಹಾಳಾದಾವೆಂದು ಈಗ ಅವನ್ನು ಮುಟ್ಟಗೊಡುವುದಿಲ್ಲ. ದನಿ ಹೋಯಿತು, ಅಂಕಿ ಉಳಿಯಿತು. ಶಾಸ್ತ್ರ ಬಯಸುವ ಮೋಕ್ಷ ಇದಕ್ಕಿಂತ ಬೇರೆಯಲ್ಲ.

ಚಿತ್ರಕಲೆಯಲ್ಲಿ ಮೊನಾಲಿಸಾಳಿಗೆ ಹುಬ್ಬಿಲ್ಲ. ಹದಿನಾರನೇ ಶತಮಾನದ ವಸಾರಿ ಎಂಬ ಇಟಲಿಯವನು ಅದೇ ಚಿತ್ರದ ಹುಬ್ಬುಗಳ ಸೊಬಗನ್ನು ಕೊಂಡಾಡಿ ಬರೆದಿಟ್ಟಿರುವುದು ಬಹುಸಂಗತಿ ದೋಷದ ಪರಮಾವಧಿ; ಅದನ್ನು ಪ್ರಕ್ಷಿಪ್ತವೆಂದು ಬಿಟ್ಟುಬಿಡುತ್ತೇವೆ. 1911ರಲ್ಲಿ ಈ ಚಿತ್ರ ಲೂವ್ರ್ ಸಂಗ್ರಹಾಲಯದಿಂದ ಕಳುವಾಯಿತು. ಆಗ ಅದು ತೂಗಿದ್ದ ಬರಿಗೋಡೆಯನ್ನು ನೋಡಲು ಜನ ಸಾಲುಗಟ್ಟಿ ಬಂದರು! ಸಂಗತಿ ಗಟ್ಟಿಯಾಗಿದ್ದರೆ ವಸ್ತುವೇ ಬೇಕಿಲ್ಲವೆಂಬುದಕ್ಕೆ ಪ್ಯಾರಿಸ್ಸಿನವರಿಗಿಂತ ಬೇರೆ ಪ್ರಮಾಣ ಬೇಕೆ?

ಇನ್ನು ಪೂರ್ವಪಕ್ಷ. ನಮ್ಮ ಶಾಸ್ತ್ರದ ಹಳೆಯ ವೈರಿ ಒಗಟು. ಸಾಮಾನ್ಯ ಜ್ಞಾನ ವಸ್ತುವಿನ ಹೆಸರು ಹೇಳಿ ಒಂದು ಸಂಗತಿ ಕೇಳಿದರೆ, ಒಗಟು ಇದ್ದಬದ್ದ ಸಂಗತಿಯನ್ನೆಲ್ಲ ಹೇಳಿ ಹೆಸರನ್ನು ಬಚ್ಚಿಡುತ್ತದೆ. 'ಬಾಯಿಲ್ಲ, ಮಾತಿಗೆ ಮಾತು ಕೊಡುತ್ತದೆ. ಕಂಬವಿಲ್ಲ, ಸೂರು ಹೊತ್ತಿದೆ. ಎಷ್ಟು ಕೂಗಿದರೂ ಒಳಗಿನವನೊಬ್ಬ ಏಳುವುದಿಲ್ಲ' ಎಂದು ಯಾವಳಾದರೂ ಅಜ್ಜಿ ಗೋಲಗುಮ್ಮಟವನ್ನು ಒಗಟಾಗಿ ಒಡ್ಡಿದರೆ, ಬಿಡಿಸುವ ಹೊತ್ತಿಗೆ ಮಗುವಿಗೆ ಮಾರ್ದನಿ, ಕಟ್ಟಡ, ಅರಸ ಮೂರೂ ತಿಳಿದುಬಿಡುತ್ತವೆ. ಏಳೆಂಬುದು ಮಾತ್ರ ತಿಳಿಯುವುದಿಲ್ಲ. ಕನಕದಾಸರ ಮುಂಡಿಗೆಗಳ ಮುಂದೆ ಪಂಡಿತರೇ ತಲೆ ಕೆರೆದುಕೊಳ್ಳುತ್ತಾರೆ. ಅವಕ್ಕೆ ನಾಲ್ಕು ಆಯ್ಕೆಗಳನ್ನೂ ಕೊಟ್ಟಿಲ್ಲ.

ಪ್ರಾಚೀನ ಪ್ರಶ್ನಾಧಿಕಾರಿಗಳಲ್ಲಿ ಅಗ್ರಗಣ್ಯ ಯಕ್ಷ. ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುವ ಇಂದಿನ ಪದ್ಧತಿಗೆ ಹೋಲಿಸಿದರೆ ಅವನದು ತುಸು ಬಿಗಿ: ಉತ್ತರ ಕೊಡದೆ ನೀರು ಕುಡಿದ ನಾಲ್ವರು ಕೊಳದ ದಡದಲ್ಲೇ ಉರುಳಿದರು. ಧರ್ಮರಾಯ ಗೆದ್ದನೆಂದು ಪ್ರತೀತಿ. ಆದರೆ ಅವನ ಉತ್ತರಗಳನ್ನು ನೋಡಿದರೆ ಮೌಲ್ಯಮಾಪನದ ಬಗ್ಗೆಯೇ ಶಂಕೆ ಮೂಡುತ್ತದೆ. ಎಲ್ಲಕ್ಕಿಂತ ದೊಡ್ಡ ಅಚ್ಚರಿ ಯಾವುದೆಂದರೆ, ದಿನವೂ ಸಾಯುವವರನ್ನು ಕಂಡೂ ಉಳಿದವರು ತಾವು ಸಾಯುವುದಿಲ್ಲವೆಂದು ಬದುಕುವುದು ಎಂದುಬಿಟ್ಟ. ತಾಜ್ ಮಹಲ್ ಎಂದಿದ್ದರೆ ಪೂರ್ಣಾಂಕ.

ನಮ್ಮ ಕಾಲದಲ್ಲಿ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನ ಕೊಡುವ ಪರಿಪಾಠವನ್ನು ಶಾಸ್ತ್ರದ ದೃಷ್ಟಿಯಿಂದ ಆಕ್ಷೇಪಿಸಲೇಬೇಕಾಗಿದೆ. ಒಂದೇ ಸಂಗತಿ ಬಲ್ಲ ನಿರ್ಮಲ ಮನಸ್ಸಿನ ಕೈಗೆ ಇನ್ನೂರು ಪುಟ ಕೊಟ್ಟು ಕಳಿಸುವುದು ಎಂಥ ಕ್ರೌರ್ಯ!

ಸಿದ್ಧಾಂತದೊಳಗೂ ಪಂಥಭೇದಗಳಿವೆ. ಶ್ರವಣಬೆಳಗೊಳದ ಗೊಮ್ಮಟ 57 ಅಡಿಯೆಂದು ಒಂದು ಪಂಥ, 58 ಎಂದು ಇನ್ನೊಂದು. ಚಾವುಂಡರಾಯ ಹತ್ತನೇ ಶತಮಾನದಲ್ಲಿ ಅಳತೆ ಬರೆಸದೆ ಮೂರ್ತಿ ಮಾಡಿಸಿದ್ದರ ಫಲ ಇದು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟುತ್ತಾರಲ್ಲ, ಹಾಲು, ಅರಿಶಿನ, ಕಬ್ಬಿನ ರಸದ ಜತೆ ಒಂದು ಟೇಪನ್ನೂ ಮೇಲಕ್ಕೆ ಕಳಿಸಬಾರದೆ ಎಂದು ಮುಗ್ಧರು ಕೇಳಬಹುದು. ಎರಡೂ ಪಂಥಗಳಿಗೆ ಇದು ಸಮ್ಮತವಲ್ಲ. ಅಳೆದರೆ ಯಾರೋ ಒಬ್ಬರ ಪುಸ್ತಕ ರದ್ದಿಗೆ ಹೋಗಬೇಕಾಗುತ್ತದೆ.

ಗೊಮ್ಮಟನಾದರೂ ಅಲುಗಾಡದೆ ನಿಂತಿದ್ದಾನೆ. ಐಫೆಲ್ ಗೋಪುರದ ನಡತೆಯೇ ಸರಿಯಿಲ್ಲ. 1889ರಿಂದ ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗಿ ಕೆಲವು ಸೆಂಟಿಮೀಟರ್ ಬೆಳೆಯುವುದು, ಚಳಿಗಾಲದಲ್ಲಿ ಕುಗ್ಗುವುದು ನಡೆದೇ ಇದೆ. ಅದನ್ನು ಶಾಸ್ತ್ರಕಾರರು ಕ್ಷಮಿಸಿದ್ದರು. 2022ರಲ್ಲಿ ನೆತ್ತಿಗೆ ಹೊಸ ಆಂಟೆನಾ ಸಿಕ್ಕಿಸಿ 324 ಮೀಟರ್ ಇದ್ದದ್ದು 330 ಆಗಿಬಿಟ್ಟಿದೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಹಳೆಯ ಆವೃತ್ತಿಯ ಪ್ರತಿಗಳು ಖರ್ಚಾಗುವತನಕ ಗೋಪುರ ಆರು ಮೀಟರ್ ಕೆಳಗೆ ಕುಸಿದು ನಿಲ್ಲತಕ್ಕದ್ದು.