ಎರಡು ಸೆಕೆಂಡಿನ ಭಗೀರಥ

ಚೌತಿ ಮುಗಿದು ಮಳೆ ಹಿಡಿತ ಸಡಿಲಿಸಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡುದಾರಿಯಲ್ಲಿ ಟ್ರೈಪಾಡ್ ಹೊತ್ತ ಗೃಹಸ್ಥನೊಬ್ಬ ಪ್ರತ್ಯಕ್ಷನಾಗುತ್ತಾನೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಕಾಲುಚೀಲದ ಮೇಲೆ ಉಂಬಳ ಹತ್ತದಿರಲೆಂದು ಹೊಗೆಸೊಪ್ಪಿನ ಪುಡಿ, ಬೆನ್ನಚೀಲದಲ್ಲಿ ಎರಡು ಲೆನ್ಸು, ಮೂರು ಫಿಲ್ಟರು, ತುಂತುರು ಒರೆಸಲು ಆರು ಬಟ್ಟೆ. ಬುತ್ತಿ ತಂದಿರುವುದಿಲ್ಲ, ಅದಕ್ಕೆ ಜಾಗ ಸಾಲಲಿಲ್ಲ. ಊರವರು ಇವನನ್ನು ಪ್ರಕೃತಿಪ್ರೇಮಿ ಎನ್ನುತ್ತಾರೆ. ಅವನೂ ನಯವಾಗಿ ಒಪ್ಪಿಕೊಳ್ಳುತ್ತಾನೆ. ಹೀಗೆ ಪುಕ್ಕಟೆ ಸಿಕ್ಕ ಬಿರುದನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ನನ್ನ ವಾದ ಇಷ್ಟೇ: ಅವನು ಒಲಿದದ್ದು ಸಮಯಕ್ಕೆ, ಅದರಲ್ಲೂ ತನ್ನ ಬೆರಳ ತುದಿಯಲ್ಲಿ ತೆರೆದು ಮುಚ್ಚುವ ಸಮಯಕ್ಕೆ. ಜಲಪಾತ ಆ ಒಲವಿಗೆ ಸಿಕ್ಕಿದ ಅನುಕೂಲ ಮಾತ್ರ.

ಸಾಕ್ಷ್ಯಕ್ಕೆ ಉಂಚಳ್ಳಿಗೇ ಹೋಗೋಣ. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತದೆ. ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲವೆಂದು ಜನ ಅದನ್ನು ಕೆಪ್ಪಜೋಗ ಎಂದರು. 1845ರಲ್ಲಿ ಅದನ್ನು ಕಂಡನೆನ್ನಲಾದ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ ತನ್ನ ಹೆಸರನ್ನೇ ಅದಕ್ಕೆ ಅಂಟಿಸಿ ಹೋದ. ನಮ್ಮ ಗೃಹಸ್ಥ ಬಂದವನೇ ಕಳೆಯುವ ಲೆಕ್ಕ ಶುರುಮಾಡುತ್ತಾನೆ. ಸದ್ದು ಚಿತ್ರಕ್ಕೆ ಬರುವುದಿಲ್ಲ, ಅದು ತಾನಾಗಿಯೇ ಹೋಯಿತು. ಬಿಸಿಲು ಬೇಡ, ಮೋಡ ಬರಲಿ ಎಂದು ಕಾಯುತ್ತಾನೆ. ಬಂಡೆಯ ಮೇಲಿನ ಹೊಳಪು ಬೇಡ, ಅದಕ್ಕೊಂದು ಪೋಲರೈಸರ್. ಬೆಳಕೇ ಹೆಚ್ಚಾಯಿತು, ಅದಕ್ಕೆ ಹತ್ತು ಸ್ಟಾಪಿನ ಕಪ್ಪು ಗಾಜು. ಆ ಗಾಜು ಬೆಳಕನ್ನು ಸಾವಿರದ ಒಂದು ಪಾಲಿಗೆ ಇಳಿಸಿ, ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಮುಗಿಯಬೇಕಾದ ಕೆಲಸವನ್ನು ಎರಡು ಸೆಕೆಂಡಿಗೆ ಎಳೆಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಹನಿ, ನೊರೆ, ಸಿಡಿತ ಎಲ್ಲ ಒಂದರೊಳಗೊಂದು ಬೆರೆತು ಹಾಲಾಗುತ್ತವೆ. ಕೊನೆಗೆ ಉಳಿದದ್ದು ಮನುಷ್ಯರು. ಕಟಕಟೆಗೆ ಒರಗಿ ಸೆಲ್ಫಿ ತೆಗೆಯುವ ದಾವಣಗೆರೆಯ ಕುಟುಂಬ ಸರಿಯುವವರೆಗೂ ಅವನ ಮುಖದಲ್ಲಿ ಗ್ರಹಣ ಬಿಡುವುದಿಲ್ಲ. ಸದ್ದು, ಬಿಸಿಲು, ಬೆಳಕು, ಹನಿ, ಜನ ಇಷ್ಟೂ ಕಳೆದ ಮೇಲೆ ಉಳಿದದ್ದಕ್ಕೆ ಅವನು ಕೊಡುವ ಶೀರ್ಷಿಕೆ: ‘ಉಂಚಳ್ಳಿ, ಇದ್ದ ಹಾಗೆ.’

ಇಲ್ಲಿ ಅವನ ಪರ ವಕೀಲರು ಎದ್ದು ನಿಲ್ಲುತ್ತಾರೆ, ಅವರ ಮಾತಿಗೆ ತೂಕವೂ ಇದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಗಾಳಿಯಲ್ಲೇ ನಿಂತುಬಿಟ್ಟ ಹನಿಯನ್ನಾದರೂ ಯಾರು ಕಣ್ಣಾರೆ ಕಂಡಿದ್ದಾರೆ? ಹರಿಯುವುದು ನೀರಿನ ಗುಣವಾದರೆ ಹರಿವನ್ನು ತೋರಿಸುವ ಚಿತ್ರವೇ ಹೆಚ್ಚು ನಿಜವಲ್ಲವೇ? ಲೆಕ್ಕ ಅವರ ಕಡೆಗೇ ಇದೆ: ಗಾಳಿಯ ತಡೆಯನ್ನು ಬಿಟ್ಟರೆ 116 ಮೀಟರ್ ಬೀಳಲು ಹನಿಗೆ ಸುಮಾರು ಐದು ಸೆಕೆಂಡು ಬೇಕು. ಅಂದರೆ ಐದು ಸೆಕೆಂಡಿನ ಒಂದು ಚಿತ್ರದಲ್ಲಿ ನೀರಿನ ಪೂರ್ತಿ ಪಯಣವೇ ಅಡಗಿರುತ್ತದೆ; ಇದನ್ನು ಯಾವ ಸೆಲ್ಫಿಯೂ ಹೇಳಲಾರದು. ಒಪ್ಪಿದೆ. ಆದರೆ ಈ ತತ್ತ್ವ ಹುಟ್ಟುವುದಕ್ಕೆ ಮೊದಲೇ ಹಾಲು ಹುಟ್ಟಿತ್ತು ಎಂಬುದನ್ನು ಮರೆಯಬಾರದು. ಹತ್ತೊಂಬತ್ತನೇ ಶತಮಾನದ ಗಾಜಿನ ಫಲಕಗಳಿಗೆ ಚುರುಕು ಸಾಲದೆ ಸೆಕೆಂಡುಗಟ್ಟಲೆ ಬೆಳಕು ಬೇಕಿತ್ತು. ಹಾಗಾಗಿ ಆಗಿನ ಜಲಪಾತಗಳು ಹೆಚ್ಚಾಗಿ ವಿಧಿಯಿಲ್ಲದೆ ಹಾಲಾದವು, ಹಲವು ಛಾಯಾಗ್ರಾಹಕರು ಅದನ್ನು ದೋಷವೆಂದೇ ಕೊರಗಿದರು. 1880ರ ಸುಮಾರಿಗೆ ಒಣಫಲಕಗಳು ಬಂದು ಆ ದೋಷ ನೀಗಿತು. ಸೆಕೆಂಡಿನ ಎಂಟು ಸಾವಿರದ ಒಂದು ಭಾಗವನ್ನು ಹಿಡಿಯುವ ಕ್ಯಾಮೆರಾ ಕೊಂಡು, ಅದರ ಮೂತಿಗೆ ಕಪ್ಪು ಗಾಜು ಮುಚ್ಚಿ, ಮುತ್ತಜ್ಜನ ಕಾಲದ ದೋಷವನ್ನು ದುಬಾರಿ ಬೆಲೆಗೆ ಮರಳಿ ಪಡೆಯುವವನನ್ನು ಸತ್ಯಾನ್ವೇಷಿ ಎನ್ನಲು ಧೈರ್ಯ ಬೇಕು. ಅಭಿರುಚಿಯುಳ್ಳವನು ಎನ್ನಿ, ತಕರಾರಿಲ್ಲ.

ಎರಡನೇ ವಾದ ಇನ್ನೂ ಗಂಭೀರ: ಅವನ ಚಿತ್ರ ನೋಡಿಯೇ ಜನರಿಗೆ ಹೊಳೆಯ ಮೇಲೆ ಪ್ರೀತಿ ಹುಟ್ಟುತ್ತದೆ, ಹೊಳೆ ಉಳಿಯುತ್ತದೆ. ಈ ಸೀಮೆಯಲ್ಲಿ ಇದನ್ನು ಪರೀಕ್ಷಿಸಲು ಒಳ್ಳೆಯ ಉದಾಹರಣೆಯೇ ಇದೆ. ಮಾಗೋಡಿನಲ್ಲಿ ಧುಮುಕುವ ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ ಅದನ್ನು ಎದುರಿಸಿದವರು ಅಡಿಕೆ ತೋಟಿಗರು. 1981ರಲ್ಲಿ ಶಿರಸಿಯಲ್ಲಿ ವಿಚಾರಸಂಕಿರಣ ಸೇರಿ ಲಾಭ ನಷ್ಟದ ಪಟ್ಟಿಯನ್ನು ತಜ್ಞರ ಮುಂದಿಟ್ಟರು. ಯೋಜನೆ ಮೂಲೆಗೆ ಸರಿಯಿತು. ಹೊಳೆಯನ್ನು ಉಳಿಸಿದ್ದು ತೋಟ, ಕಾಡು, ವಿದ್ಯುತ್ತಿನ ಲೆಕ್ಕವೇ ಹೊರತು ಹಾಲಿನ ಬಣ್ಣವಲ್ಲ. ಅತ್ತ ಜೋಗದ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಬೇಸಿಗೆಯ ಜೋಗದಲ್ಲಿ ರಾಜ, ರಾಣಿ ಧಾರೆಗಳೆರಡೂ ಬಡವಾದವು. ಆ ಬಡತನದ ಚಿತ್ರ ನಮ್ಮ ಗೃಹಸ್ಥನ ಬಳಿ ಒಂದೂ ಇಲ್ಲ. ಕೇಳಿದರೆ ‘ಅದು ಸೀಸನ್ ಅಲ್ಲ’ ಎನ್ನುತ್ತಾನೆ. ಹೊಳೆಯ ಕಷ್ಟಕಾಲಕ್ಕೆ ರಜೆ ಹಾಕುವವನು ಹೊಳೆಯ ಸಾಕ್ಷಿಯಾಗುವುದು ಹೇಗೆ? ತೋಟಿಗನಿಗೆ ಈ ಸೀಸನ್ ಬೇರೆಯೇ. ಜಲಪಾತವನ್ನು ತುಂಬಿಸುವ ಮಳೆಯೇ ತೋಟಕ್ಕೆ ಕೊಳೆರೋಗ ತರುತ್ತದೆ. ಇವನು ‘ಇನ್ನೆರಡು ದಿನ ಹೊಡೆದರೆ ಸಾಕು’ ಎನ್ನುವ ಹೊತ್ತಿಗೆ ಅವನು ಬೋರ್ಡೋ ದ್ರಾವಣ ಕಲೆಸಿಟ್ಟು ಹೊಳವಾಗಲೆಂದು ಆಕಾಶ ನೋಡುತ್ತಿರುತ್ತಾನೆ.

ಕೊನೆಯ ಪರೀಕ್ಷೆ ಗುಡ್ನಾಪುರದಲ್ಲಿ. ಬನವಾಸಿಯ ಪಕ್ಕದ ಈ ಊರಿನಲ್ಲಿ ದೊಡ್ಡ ಕೆರೆಯಿದೆ, ಕದಂಬ ರವಿವರ್ಮನ ಕಂಬಶಾಸನ ಸಿಕ್ಕಿದೆ, ಕಾಮಜಿನಾಲಯದ ಸುದ್ದಿ ಅದರಲ್ಲಿದೆ. ನೀರು ಬೇಕಾದಷ್ಟಿದೆ, ಸುಮಾರು ಹದಿನೈದು ಶತಮಾನದ ನೆನಪೂ ಇದೆ, ಆದರೆ ಬೀಳುವುದಿಲ್ಲ. ಪಡುವಣಕ್ಕೆ ಹೊರಟ ಅಘನಾಶಿನಿ, ಬೇಡ್ತಿಗಳು ಘಟ್ಟದ ಅಂಚಿಗೆ ಬಂದು ಮುಗ್ಗರಿಸುತ್ತವೆ. ಬನವಾಸಿಯ ವರದೆ ಮೂಡಣಕ್ಕೆ ತಿರುಗಿ, ತುಂಗಭದ್ರೆಯನ್ನು ಸೇರಲು ನಿಧಾನವಾಗಿ ನಡೆಯುತ್ತಾಳೆ. ನೀರನ್ನು ಪ್ರೀತಿಸುವವನಿಗೆ ಬೀಳುವ ಹೊಳೆಯೂ ನಡೆಯುವ ಹೊಳೆಯೂ ಒಂದೇ ಆಗಬೇಕು. ನಮ್ಮವನು ಗುಡ್ನಾಪುರದಲ್ಲಿ ಚಹಾಕ್ಕೂ ಇಳಿಯುವುದಿಲ್ಲ. ನಿಂತ ನೀರಿನ ಮುಂದೆ ಅವನ ಶಟರಿಗೆ ಕೆಲಸವಿಲ್ಲ, ಎರಡು ಸೆಕೆಂಡು ತೆರೆದರೂ ಐನೂರರಲ್ಲಿ ಒಂದು ತೆರೆದರೂ ಹೆಚ್ಚು ಕಡಿಮೆ ಅದೇ ಕೆರೆ. ನನ್ನ ವಾದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಹಾಗೆಂದು ಅವನ ಮುಕ್ಕಾಲಿಯನ್ನು ಕಸಿದುಕೊಳ್ಳಬೇಕೆಂದೇನೂ ಅಲ್ಲ. ಹತ್ತು ನಿಮಿಷಕ್ಕೆ ಬಂದು ಚಿಪ್ಸಿನ ಕವರು ಎಸೆದು ಹೋಗುವವರ ನಡುವೆ ಮೂರು ತಾಸು ಉಂಬಳಕ್ಕೆ ರಕ್ತದಾನ ಮಾಡುತ್ತ ನಿಲ್ಲುವವನು ನಿರುಪದ್ರವಿ. ಚಿತ್ರವೂ ಚೆನ್ನಾಗಿಯೇ ಇರುತ್ತದೆ. ಅದು ಅವನ ಎರಡು ಸೆಕೆಂಡಿನ ಚಿತ್ರ ಎಂದು ಒಪ್ಪಿಕೊಂಡರೆ ಸಾಕು. ಒಪ್ಪುವುದು ಮಾತ್ರ ಕಷ್ಟ. ಲೆನ್ಸಿನ ಮೂತಿಗೆ ಒಂದರ ಮೇಲೊಂದು ಎರಡು ಫಿಲ್ಟರ್ ಸಿಕ್ಕಿಸಿ ತೆಗೆದ ಆ ಚಿತ್ರವನ್ನು ಫೇಸ್‌ಬುಕ್ಕಿಗೆ ಏರಿಸುವಾಗ ಅವನು ತಪ್ಪದೆ ಬರೆಯುವುದು: ‘ನೋ ಫಿಲ್ಟರ್.’