ಹಾಲಿನ ಬಟವಾಡೆ, ಶುಗರ್ ಮಾತ್ರೆ

ಅಕ್ಕಾ, ಈ ಸಲದ ಹಾಲಿನ ಬಟವಾಡೆ ಆಯ್ತಾ? ಬೂಸಾಕ್ಕೆ ಎತ್ತಿಡುವಾಗ ಭಾವನ ಶುಗರ್ ಮಾತ್ರೆಗೂ ಒಂದಿಷ್ಟು ಎತ್ತಿಟ್ಟುಬಿಡು. ನಮ್ಮ ಅಮೃತೂರು ಕಡೆ ಕಾಯಿಲೆ ಖರ್ಚು ಅಂದ್ರೆ ಎಲ್ಲರಿಗೂ ಆಪರೇಷನ್ನೇ ಕಣ್ಮುಂದೆ ಬರುತ್ತೆ. ಅದು ಯಾವಾಗಲೋ ಒಂದ್ಸಲ. ಮಾತ್ರೆ ದಿನಾ ಬೇಕಲ್ಲ!

ದೊಡ್ಡ ಖರ್ಚಿಗೇನೋ ಕಾರ್ಡಿದೆ. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೂ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಡೈರಿ, ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಇತ್ತು. 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ಬಂತು. ಹಳ್ಳಿಯ ನಾಲ್ಕು ಜನರ ಮನೆಗೆ 500 ರೂಪಾಯಿ. ಹುಷಾರಿರುವಾಗಲೇ ಕಟ್ಟಿಡಬೇಕು, ಮಲಗಿದ ಮೇಲೆ ಓಡಾಡಿದ್ರೆ ಆಗಲ್ಲ. ಆರೋಗ್ಯ ಕರ್ನಾಟಕದಲ್ಲಿ ಪ್ರೈವೇಟ್ ಆಸ್ಪತ್ರೆಗೆ ಹೋಗೋದಾದ್ರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸ್ಕೋಬೇಕು. ತುರ್ತಾದ್ರೆ ಚೀಟಿ ಬೇಡ, 108ಕ್ಕೆ ಫೋನ್ ಮಾಡು, ಆಂಬುಲೆನ್ಸಿಗೆ ದುಡ್ಡಿಲ್ಲ.

ಆದ್ರೆ ಇವೆಲ್ಲ ಬಹುಪಾಲು ಅಡ್ಮಿಟ್ ಆದವರಿಗೆ. ನಡೆದುಕೊಂಡು ಹೋಗಿ ತೋರಿಸ್ಕೊಂಡು ಬರೋರಿಗೆ ಡಾಕ್ಟರ್ ಫೀಸು, ರಕ್ತಪರೀಕ್ಷೆ, ಕುಣಿಗಲ್ಲಿನ ಬಸ್‌ಚಾರ್ಜು, ಜೊತೆಗೆ ಹೋದವರ ಒಂದು ದಿನದ ಕೂಲಿ, ಎಲ್ಲಾ ಕೈಯಿಂದಲೇ. ಕೈಯಲ್ಲಿ ಕಾಸಿಲ್ಲದಾಗ ಅಂಗಡೀಲಿ ಶೀಟು ಕತ್ತರಿಸಿ ನಾಲ್ಕೇ ಮಾತ್ರೆ ಕೊಡಿಸ್ಕೋತೀವಿ. ಎಕ್ಸ್‌ಪೈರಿ ದಿನಾಂಕ ಉಳಿದ ತುಂಡಲ್ಲೇ ಹೋಗುತ್ತೆ. ಆ ನಾಲ್ಕನ್ನೂ ದಿನ ಬಿಟ್ಟು ದಿನ ನುಂಗಿ, ಮಾತ್ರೆ ಉಳಿಸಿದ್ವಿ ಅಂದ್ಕೋತೀವಿ. ಸಕ್ಕರೆ ಒಳಗೊಳಗೇ ಕಣ್ಣು, ಕಿಡ್ನಿ, ಕಾಲು ತಿಂತಿರುತ್ತೆ. ಕೊನೆಗೆ ಅದೇ ಆಪರೇಷನ್ನು, ಸಂಘದ ಸಾಲ, ವಾರವಾರ ಕಂತು.

ಸರ್ಕಾರಿ ಆಸ್ಪತ್ರೇಲಿ 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಪುಕ್ಕಟೆ ನೋಡ್ತಾರೆ, ಮಾತ್ರೆನೂ ಕೊಡ್ತಾರೆ. ಅಲ್ಲಿ ಸಿಗದಿದ್ರೆ ಜನೌಷಧಿ ಅಂಗಡೀಲಿ ಕೇಳು. ಕಂಪನಿ ಹೆಸರು ಬೇರೆ ಇರಬಹುದು, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಲ್ಲಿ ಕೊಂಡ್ರೂ ಮೆಟ್‌ಫಾರ್ಮಿನ್ನೇ. ದುಡ್ಡು ಮಾತ್ರ ಎಷ್ಟೋ ಕಮ್ಮಿ.

ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡೋ ಸರ್ಕಾರ, ಆಪರೇಷನ್ ತಪ್ಪಿಸೋ ಮಾತ್ರೆ ಊರಲ್ಲೇ ತಪ್ಪದೆ ಸಿಗೋ ಹಾಗೆ ನೋಡ್ಕೋಬೇಕಲ್ವಾ ಅಕ್ಕಾ? ಅದನ್ನ ನಾವೇ ಬಾಯಿಬಿಟ್ಟು ಕೇಳ್ಬೇಕು. ಸೋಮವಾರ ಭಾವನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು, ತಿಂಗಳಿಗಾಗೋ ಅಷ್ಟು ಒಟ್ಟಿಗೇ ಕೊಡಿ ಅನ್ನು. ಸ್ಟಾಕ್ ಇಲ್ಲ ಅಂದ್ರೆ ಯಾವತ್ತು ಬರುತ್ತೆ ಅಂತ ಕೇಳ್ಕೊಂಡೇ ಬಾ. ಬೇಕಾದ್ರೆ ನಾನೂ ಬರ್ತೀನಿ.