ವಿಯೆಟ್ನಾಂ ಗೆದ್ದು ಬಂದ ತಮ್ಮನಿಗೆ

ಅಮರಗೋಳ ಮುಕ್ಕಾಮಿನಿಂದ ನಿನ್ನ ಕಾಕಾನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನೀನು ಕ್ಷೇಮವೆಂದು ನಿನ್ನ ವಿಡಿಯೋ ನೋಡಿ ಇಡೀ ಓಣಿಗೇ ಗೊತ್ತಾಗಿದೆ. ಅದಕ್ಕೇ ಈ ಪತ್ರವನ್ನೂ ಓಣಿಯೆಲ್ಲ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ವಿಡಿಯೋ ಮೂರು ಸಲ ನೋಡಿದೆ. ಚೀನಾ ಗಡಿಗೆ ಹತ್ತಿಕೊಂಡ ಹಾ ಜಾಂಗ್, ಸುಣ್ಣಕಲ್ಲಿನ ಗುಡ್ಡಗಳು, ಸುಮಾರು 350 ಕಿಲೋಮೀಟರಿನ ಸುತ್ತು, ಮಾ ಪಿ ಲೆಂಗ್ ಘಾಟಿನಡಿ ಹಸಿರು ಹೊಳೆ. ಚೆಂದ ಅದ, ಸುಳ್ಳು ಹೇಳಬಾರದು. ಐದನೇ ನಿಮಿಷಕ್ಕೆ ಎಮ್ಮೆಯೊಂದು ಅಡ್ಡ ಬಂತು. ಗಾಡಿ ನಿಂತಿತು, ನೀನು ಇಳಿದೆ, ಕೈಮುಗಿಯುವುದೊಂದು ಬಾಕಿ. “ಜೀವನಾ ಅಂದ್ರ ಇದು!” ಅಂದಿ. ಹೋದ ತಿಂಗಳು ಭೈರಿದೇವರಕೊಪ್ಪದಲ್ಲಿ ಎಮ್ಮೆ ಅಡ್ಡ ಬಂದಾಗ ನೀನು ಅಂದದ್ದು ಅಚ್ಚಾಗುವ ಮಾತಲ್ಲ. ಆಕೆಯೂ ಸಾಮಾನ್ಯಳಲ್ಲಪ್ಪಾ. ಧಾರವಾಡಿ ಎಮ್ಮೆ, 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾದ ಮನೆತನ. ನೀನು ಹನೋಯ್‌ಗೆ ಕಟ್ಟಿಕೊಂಡು ಹೋದ ಪೇಢಾ ಆಕೆಯ ಕೃಪೆ.

ಲುಂಗ್ ಕು ಸ್ತಂಭದ ಮೇಲಿನ ಬಾವುಟದ ಮುಂದೆ ನಿನ್ನ ಕಣ್ಣು ತುಂಬಿ ಬಂತು. 54 ಚದರ ಮೀಟರ್, ಆ ದೇಶದ 54 ಜನಾಂಗಗಳ ಲೆಕ್ಕಕ್ಕೆ. ನಮ್ಮ ರಾಷ್ಟ್ರಧ್ವಜದ ನಿಗದಿತ ಅಳತೆಗಳಲ್ಲಿ ಅತಿ ದೊಡ್ಡದು 21 ಅಡಿಗೆ 14 ಅಡಿ, ಅಂದರೆ ಸುಮಾರು ಅದರ ಅರ್ಧ ಮಾತ್ರ. ಸೋತೆವು, ಒಪ್ಪಿದೆ. ಆದರೆ ಆ ಧ್ವಜ ಹೊಲಿಯುವವರು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಇದ್ದಾರೆ, 1957ರಲ್ಲಿ ಹುಟ್ಟಿದ ಖಾದಿ ಸಂಘದಲ್ಲಿ. ಬೆಂಗೇರಿ ಗೊತ್ತಲ್ಲ? ಸಂತೆ ದಿನ ಟ್ರಾಫಿಕ್ ಅಂತ ನೀನು ಬಯ್ಯುವ ಜಾಗ.

ನೋಡುವಂಥ ಸುತ್ತು ನಮ್ಮಲ್ಲೂ ಒಂದು ಅದ. ಹುಬ್ಬಳ್ಳಿ ದಾಟಿ ಕಾರವಾರ ರಸ್ತೆ ಹಿಡಿದರೆ ಸುಮಾರು ಮೂವತ್ತು ಕಿಲೋಮೀಟರಿಗೆ ಕಲಘಟಗಿ. ಅಷ್ಟರೊಳಗೆ ಕಪ್ಪು ಎರೆಮಣ್ಣು ಮುಗಿದು ಕೆಂಪು ಮಸಾರಿ ಶುರುವಾಗುತ್ತದೆ. ಹತ್ತಿ, ಜೋಳ ಹಿಂದೆ ಉಳಿದು ಭತ್ತ ಬರುತ್ತದೆ. ನೀನು ವಿಯೆಟ್ನಾಂನಲ್ಲಿ ನೋಡಿದಂತೆ ನೀರು ನಿಲ್ಲಿಸಿ ಹಚ್ಚಿದ್ದಲ್ಲ, ಒಣಮಣ್ಣಿಗೆ ಕೂರಿಗೆ ಹೂಡಿ ಬಿತ್ತಿ, ಆಮೇಲೆ ಮುಗಿಲು ನೋಡುತ್ತ ಕೂಡುವ ಭತ್ತ. ಆ ಮುಗಿಲಿನ ವ್ಯವಹಾರವೂ ವಿಚಿತ್ರ. ನಮ್ಮ ದಿಬ್ಬದ ಒಂದು ಕಡೆ ಬಿದ್ದ ಮಳೆ ಬೆಣ್ಣಿಹಳ್ಳ ಸೇರಿ, ಮಲಪ್ರಭೆ, ಕೃಷ್ಣೆಯೊಳಗೆ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಕಡೆ, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಬೇಡ್ತಿ ಕೂಡಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಎರಡು ಸಮುದ್ರದ ನೀರು ಪಾಲಾಗುವ ದಿಬ್ಬದ ಮೇಲೆ ದಿನಾ ಅಡ್ಡಾಡಿ, “ಇಲ್ಲೇನೈತಿ ಕಾಕಾ?” ಅಂತ ಕೇಳಿದವನು ನೀನು.

ಕಲಘಟಗಿಯಲ್ಲಿ ಅರಗಿನ ಬಣ್ಣದ ತೊಟ್ಟಿಲು ಮಾಡುವವರಿದ್ದಾರೆ. ಇನ್ನೊಂದು ನಲವತ್ತು ಕಿಲೋಮೀಟರ್ ಹೋದರೆ ಯಲ್ಲಾಪುರದ ಕಾಡು. ಅಲ್ಲಿ ಎಮ್ಮೆ ಕಾಯುವ ಗೌಳಿಗರು, ಆಫ್ರಿಕದಿಂದ ಬಂದ ಪೂರ್ವಿಕರ ಮಕ್ಕಳಾದ ಸಿದ್ದಿಗಳು. ಬಗಲಿನ ಮುಂಡಗೋಡದಲ್ಲಿ ಟಿಬೆಟಿನವರು. 54 ಇಲ್ಲ, ಖರೆ. ಒಂದು ದಿನದ ಪೆಟ್ರೋಲಿಗೆ ಇಷ್ಟೇ ಸಿಗುವುದು.

“ಹೊಲಾನs ಉಳಿದಿಲ್ಲಲ್ಲ ನಮ್ಮೂರಾಗ” ಅಂತ ನೀನು ಮಾರುತ್ತರ ಕೊಡುತ್ತೀ, ಗೊತ್ತು. ನ್ಯಾಯವಾದ ಮಾತು. ನವನಗರ, ಎ.ಪಿ.ಎಂ.ಸಿ. ಪ್ರಾಂಗಣ, ಬಿಆರ್‌ಟಿಎಸ್ ರಸ್ತೆ, ಉಳಿದದ್ದರ ತುಂಬ ಲೇಔಟಿನ ಕಲ್ಲುಗಳು. ನಮ್ಮ ನಾಲ್ಕು ಎಕರೆ ಹೊಲವನ್ನು ಕೃಷಿಯೇತರವೆಂದು ಎನ್.ಎ. ಮಾಡಿಸಿ ಪ್ಲಾಟು ಹಾಕಿದವನು ನಾನೇ. ಆ ದುಡ್ಡಿನಲ್ಲಿ ನೀನು ಇಂಜಿನಿಯರ್ ಆದಿ, ಆ ಪಗಾರದಲ್ಲಿ ಹೊಲ ನೋಡಲು ವಿಮಾನ ಹತ್ತಿದಿ. ಲೆಕ್ಕ ಹಾಕಿದರೆ ನಿನ್ನ ಪ್ರವಾಸದ ಪ್ರಾಯೋಜಕ ನಾನು. ವಿಡಿಯೋದ ಕೊನೆಗೆ ಹೆಸರು ಹಾಕಬಹುದಿತ್ತು.

ಇನ್ನೊಂದು ವಿಷಯ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಅದಕ್ಕೇ ಬುದ್ಧಿವಂತರು ಅಲ್ಲಿ ಊರ ಹುಡುಗನೊಬ್ಬನನ್ನು ಗೊತ್ತುಮಾಡಿ ಹಿಂದಿನ ಸೀಟಿಗೆ ಕೂಡುತ್ತಾರೆ, ಆ ಪದ್ಧತಿಗೆ ‘ಈಜಿ ರೈಡರ್’ ಅನ್ನುತ್ತಾರೆ. ನಿನ್ನ ವಿಡಿಯೋ ತುಂಬ ಒಂದು ನೀಲಿ ಜಾಕೀಟಿನ ಬೆನ್ನು ಯಾಕಿದೆಯೆಂದು ಮೊದಲು ಹೊಳೆದದ್ದು ನಿನ್ನ ಕಾಕೂಗೆ. ನಾನು ಯಾರಿಗೂ ಹೇಳಿಲ್ಲ, ಈ ಪತ್ರ ಓದುವವರನ್ನು ಬಿಟ್ಟು.

ಬರುವ ಆಯಿತವಾರ ಬೆಳಗ್ಗೆ ಆರಕ್ಕೆ ಶಂಕರಲಿಂಗ ಗುಡಿಯ ಮುಂದೆ ನಿಲ್ಲು. ಯಾವ ಗುಡಿ ಅನ್ನಬೇಡ, ನಮ್ಮೂರದೇ, ಚಾಲುಕ್ಯರ ಕಾಲದ್ದು. ನಾನೂ ಒಳಗೆ ಕಾಲಿಟ್ಟು ಭಾಳ ವರ್ಷವಾಯಿತು, ಇಬ್ಬರೂ ಕೂಡಿಯೇ ನೋಡೋಣ. ಆಮೇಲೆ ನನ್ನ ಸ್ಪ್ಲೆಂಡರ್ ಮೇಲೆ ಕಲಘಟಗಿ ಕಡೆ. ಇಲ್ಲಿ ನಿನ್ನ ಲೈಸೆನ್ಸು ನಡೆಯುತ್ತದೆ. ಆದರೂ ನೀನು ಹಿಂದೆಯೇ ಕೂಡು, ರೂಢಿ ತಪ್ಪುವುದು ಬೇಡ.

ಇತಿ,
ನಿನ್ನ ಕಾಕಾ